ಪೊಲೀಸ್ ಕಾಮಿಕ್ಸ್ ಓದೋದಾದ್ರೆ ಇಡೀ ಸಂಚಿಕೆ ಓದಿ, ಬರೀ ಪ್ಲಾಸ್ಟಿಕ್ ಮ್ಯಾನ್ ಆರಿಸ್ಕೋಬೇಡಿ

ಎರಡು ತಿಂಗಳಿಂದ ರಾತ್ರಿ ಮಲಗೋಕೆ ಮುಂಚೆ ಒಂದೊಂದು ಸಂಚಿಕೆ ಅಂತ ಇಟ್ಕೊಂಡು ಪೊಲೀಸ್ ಕಾಮಿಕ್ಸ್ ಓದಿದೆ. ಅಮೆರಿಕದ ಕ್ವಾಲಿಟಿ ಕಾಮಿಕ್ಸ್ ಕಂಪನಿಯವರ ಚಿತ್ರಕಥೆ ಮ್ಯಾಗಜೀನ್ ಇದು, ಮೊದಲ ಸಂಚಿಕೆ ಮೇಲೆ 1941ರ ಆಗಸ್ಟ್ ಅಂತ ಇದೆ, ಅಲ್ಲಿಂದ ಶುರು ಮಾಡಿ ಎರಡನೇ ಮಹಾಯುದ್ಧ ಮುಗಿಯೋ 1945ರ ತನಕ ಬಂದ ನಲವತ್ತಕ್ಕೂ ಹೆಚ್ಚು ಸಂಚಿಕೆಗಳನ್ನ ವರಸೆಯಾಗಿ, ಒಂದು ಪುಟನೂ ಹಾರಿಸದೆ ಓದಿದೀನಿ. ಈ ಪುಸ್ತಕದ ಹೆಸರು ಎತ್ತಿದ್ರೆ ಎಲ್ರೂ ಹೇಳೋದು ಪ್ಲಾಸ್ಟಿಕ್ ಮ್ಯಾನ್ ಅನ್ನೋ, ಮೈಯನ್ನ ರಬ್ಬರಿನ ಹಾಗೆ ಎಳೆಯೋ ಹೀರೋ ಬಗ್ಗೆ ಮಾತ್ರ. ಅದು ತಪ್ಪಲ್ಲ, ಆದ್ರೆ ಸಾಲದು. ಅವನ ಕಥೆ ಅಷ್ಟೇ ಕಿತ್ತು ಓದಿದ್ರೆ ಈ ಪುಸ್ತಕದಲ್ಲಿ ಆಗಿದ್ದೇನು ಅಂತ ಗೊತ್ತೇ ಆಗಲ್ಲ, ಅದನ್ನೇ ಹೇಳ್ಬೇಕು ಅಂತ ಇದನ್ನ ಬರೀತಿದೀನಿ.

ಮೊದಲು ಈ ವಸ್ತು ಏನು ಅಂತ ಹೇಳಿಬಿಡ್ತೀನಿ. ಬೆಲೆ ಹತ್ತು ಸೆಂಟು. ಒಳಗೆ 64 ಪುಟ, ನಾಲ್ಕು ಬಣ್ಣದ ಪ್ರಿಂಟು, ನ್ಯೂಸ್‌ಪ್ರಿಂಟ್ ಕಾಗದ, ಮಧ್ಯೆ ಎರಡು ಪಿನ್ನು. ಒಂದೇ ಹೀರೋದು ಇಡೀ ಪುಸ್ತಕ ಇರಲ್ಲ, ಹತ್ತರ ಹತ್ತಿರ ಬೇರೆ ಬೇರೆ ಕಥೆ ಇರುತ್ತೆ, ಒಂದೊಂದು ಐದಾರು ಪುಟ. ಮುಖವಾಡದ ಹೀರೋ, ಪತ್ತೇದಾರ, ವಿಮಾನದ ಸಾಹಸಿ, ನಡುನಡುವೆ ಒಂದೇ ಪುಟದ ತಮಾಷೆ, ಆಮೇಲೆ ಎರಡು ಪುಟ ಬರೀ ಅಕ್ಷರದ ಸಣ್ಣ ಕಥೆ. ಆ ಅಕ್ಷರದ ಕಥೆ ಯಾಕಪ್ಪಾ ಅಂದ್ರೆ ಅಮೆರಿಕದ ಅಂಚೆ ಇಲಾಖೆಯ ನಿಯಮ, ಮ್ಯಾಗಜೀನ್‌ಗಳಿಗಿದ್ದ ಕಡಿಮೆ ಅಂಚೆ ದರ ಬೇಕು ಅಂದ್ರೆ ಒಳಗೆ ಒಂದಷ್ಟು ಬರಹನೂ ಇರಲೇಬೇಕಿತ್ತು, ಹಾಗಾಗಿ ಆ ಕಾಲದ ಹೆಚ್ಚುಕಮ್ಮಿ ಎಲ್ಲಾ ಕಾಮಿಕ್ಸಲ್ಲೂ ಆ ಎರಡು ಪುಟ ಇರುತ್ತೆ. ನಾನು ಪೊಲೀಸ್ ಕಾಮಿಕ್ಸಿಂದು ಅಷ್ಟೂ ಓದಿದೆ, ಮನಸಲ್ಲಿ ಒಂದೂ ನಿಂತಿಲ್ಲ.

ಹತ್ತು ಸೆಂಟು ಅಂದ್ರೆ ಆಗಿನ ಮಕ್ಕಳಿಗೆ ಎಷ್ಟು ಅಂತ ಅರ್ಥ ಆಗೋಕೆ ಇನ್ನೊಂದು ವಿಷಯ ಹೇಳ್ಬೇಕು. ಯುದ್ಧದ ಖರ್ಚಿಗೆ ದುಡ್ಡು ಎತ್ತೋಕೆ ಸರ್ಕಾರ ಆಗ ವಾರ್ ಸೇವಿಂಗ್ಸ್ ಸ್ಟ್ಯಾಂಪ್ ಅಂತ ಮಾರ್ತಿತ್ತು, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದರ ಬೆಲೆನೂ ಹತ್ತು ಸೆಂಟೇ. 25 ಸೆಂಟಿನ ಸ್ಟ್ಯಾಂಪ್ 75 ಅಂಟಿಸಿ ಆಲ್ಬಮ್ ತುಂಬಿಸಿದ್ರೆ 18 ಡಾಲರ್ 75 ಸೆಂಟ್ ಆಗುತ್ತೆ, ಅದನ್ನ ಕೊಟ್ರೆ ಒಂದು ವಾರ್ ಬಾಂಡ್, ಹತ್ತು ವರ್ಷ ಕಳೆದ್ರೆ ಅದು 25 ಡಾಲರ್. ಆ ಸ್ಟ್ಯಾಂಪು ಬಾಂಡು ತಗೊಳ್ಳಿ ಅಂತ ಕಾಮಿಕ್ಸ್‌ಗಳೇ ಮಕ್ಕಳಿಗೆ ಹೇಳ್ತಿದ್ವು. ಅಂದ್ರೆ ಕೈಯಲ್ಲಿ ಒಂದೇ ಒಂದು ಡೈಮ್ (ಹತ್ತು ಸೆಂಟಿನ ನಾಣ್ಯ) ಇಟ್ಕೊಂಡು ನಿಂತಿರೋ ಹುಡುಗನಿಗೆ ಇದನ್ನ ಕೊಳ್ಳೋದಾ ಅದನ್ನ ಕೊಳ್ಳೋದಾ ಅನ್ನೋದು ನಿಜವಾದ ಪ್ರಶ್ನೆ. ಅಂಥಾ ದುಡ್ಡು ಕೊಟ್ಟು ತಗೊಂಡ ಪುಸ್ತಕ ಇದು ಅಂತ ನೆನಪಿಟ್ಕೊಂಡು ಓದಿದ್ರೆ, ಯಾವ ಪುಟ ಆ ದುಡ್ಡಿಗೆ ನ್ಯಾಯ ಮಾಡಿದೆ ಯಾವುದು ಮಾಡಿಲ್ಲ ಅಂತ ಬೇಗ ಗೊತ್ತಾಗುತ್ತೆ.

ಈಗ ಒಳಗೆ ಹೋಗೋಣ. ಮೊದಲ ಸಂಚಿಕೆ ಕವರ್ ಮೇಲೆ ಪ್ಲಾಸ್ಟಿಕ್ ಮ್ಯಾನ್ ಇಲ್ಲ. ಅಲ್ಲಿರೋದು ಫೈರ್‌ಬ್ರ್ಯಾಂಡ್, ಒಳಗಿನ ಅವನ ಕಥೆಗೆ ಚಿತ್ರ ರೀಡ್ ಕ್ರ್ಯಾಂಡಲ್ ಬರೆದಿದ್ದು. ರಾಡ್ ರೈಲಿ ಅನ್ನೋ ಶ್ರೀಮಂತರ ಮಗ, ರಾತ್ರಿ ಹೊತ್ತು ಪಾರದರ್ಶಕವಾದ ಅಂಗಿ ಹಾಕ್ಕೊಂಡು ಕಳ್ಳರನ್ನ ಹೊಡೀತಾನೆ, ಜೊತೆಗೆ ಒಬ್ಬ ಮಾಜಿ ಬಾಕ್ಸರ್. ಕ್ರ್ಯಾಂಡಲ್ ಕೈ ಅದ್ಭುತ, ಮೈಕಟ್ಟು, ನೆರಳು, ಹಾರೋ ಭಂಗಿ ಎಲ್ಲಾ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಥೆ ಓದಿ ಮುಗಿಸಿದ ಮೇಲೆ ಆ ಮನುಷ್ಯನ ಬಗ್ಗೆ ಒಂದೇ ಒಂದು ವಿಷಯನೂ ನೆನಪಲ್ಲಿ ಉಳಿಯಲ್ಲ.

ಅದೇ ಸಂಚಿಕೆಯಲ್ಲಿ ಒಳಗೆಲ್ಲೋ ಆರೇ ಆರು ಪುಟದಲ್ಲಿ ಜ್ಯಾಕ್ ಕೋಲ್ ಬರೆದಿರೋ ಪ್ಲಾಸ್ಟಿಕ್ ಮ್ಯಾನ್ ಇದಾನೆ. ಈಲ್ ಓಬ್ರಿಯನ್ ಅಂತ ಒಬ್ಬ ದರೋಡೆಕೋರ, ಕ್ರಾಫರ್ಡ್ ಕೆಮಿಕಲ್ ವರ್ಕ್ಸ್‌ಗೆ ತನ್ನ ಗ್ಯಾಂಗ್ ಜೊತೆ ಕನ್ನ ಹಾಕೋಕೆ ಹೋಗ್ತಾನೆ, ಕಾವಲುಗಾರನ ಗುಂಡು ತಗಲುತ್ತೆ, ಆ ಗಾಯದ ಮೇಲೆ ಆಸಿಡ್ ಬೀಳುತ್ತೆ, ಗ್ಯಾಂಗಿನವರು ಇವನನ್ನ ಅಲ್ಲೇ ಬಿಟ್ಟು ಓಡಿಹೋಗ್ತಾರೆ. ಇವನು ಹೇಗೋ ತಪ್ಪಿಸ್ಕೊಂಡು ಬೆಟ್ಟ ಹತ್ತಿ ಪ್ರಜ್ಞೆ ತಪ್ಪಿ ಬೀಳ್ತಾನೆ, ಎಚ್ಚರ ಆದಾಗ ರೆಸ್ಟ್ ಹೇವನ್ ಅನ್ನೋ ಆಶ್ರಮದಲ್ಲಿ ಹಾಸಿಗೆ ಮೇಲಿದಾನೆ. ಅಲ್ಲಿನ ಸನ್ಯಾಸಿ ಇವನನ್ನ ಹುಡುಕ್ಕೊಂಡು ಬಂದ ಪೊಲೀಸರನ್ನ ವಾಪಸ್ ಕಳಿಸಿಬಿಟ್ಟಿದಾನೆ, ಇವನಲ್ಲಿ ಒಳ್ಳೇ ಮನುಷ್ಯ ಇದಾನೆ ಅಂತ ನಂಬಿ. ಆ ಮಾತು ಕೇಳಿದ ಮೇಲೆ ಈಲ್ ಬದಲಾಗ್ತಾನೆ. ಮೈ ರಬ್ಬರಿನ ಹಾಗೆ ಎಳೆಯುತ್ತೆ ಅಂತ ಗೊತ್ತಾಗೋದೂ ಆಗಲೇ, ಆದ್ರೆ ನನಗೆ ಹಿಡಿಸಿದ್ದು ಮೈಗಿಂತ ಮೊದಲು ಮನಸ್ಸು ಬಗ್ಗಿದ ಆ ಭಾಗ. ಆಗಿನ ಹೀರೋಗಳೆಲ್ಲಾ ಮೊದಲಿಂದಲೂ ಒಳ್ಳೆಯವರೇ, ಇವನೊಬ್ಬ ಕಳ್ಳ, ತನ್ನನ್ನ ನಂಬಿದ ಒಬ್ಬ ಮನುಷ್ಯನಿಗೋಸ್ಕರ ಸರಿದಾರಿಗೆ ಬಂದವನು. ಆರು ಪುಟದಲ್ಲಿ ಇಷ್ಟನ್ನೂ ಅವಸರ ಇಲ್ಲದೆ ಹೇಳೋದು ಸಾಮಾನ್ಯ ಕೆಲಸ ಅಲ್ಲ.

ಕೋಲ್ ನಗಿಸೋ ರೀತಿ ಬಗ್ಗೆ ಸ್ವಲ್ಪ ನಿಧಾನವಾಗೇ ಹೇಳ್ತೀನಿ, ಈ ಪುಸ್ತಕದ ಜೀವ ಅಲ್ಲಿದೆ. ಪ್ಲಾಸ್ಟಿಕ್ ಮ್ಯಾನ್ ಬಟ್ಟೆ ಕೆಂಪು, ಸೊಂಟದ ಹತ್ತಿರ ಹಳದಿ ಕಪ್ಪು ಪಟ್ಟೆ. ಅವನು ಏನಾಗಿ ಬದಲಾದ್ರೂ ಬಣ್ಣ ಬದಲಾಗಲ್ಲ. ಈಗ ಕಳ್ಳರು ಒಂದು ರೂಮಲ್ಲಿ ಕೂತು ಪ್ಲಾನ್ ಮಾಡ್ತಿದಾರೆ ಅಂದ್ಕೊಳ್ಳಿ, ನಾವು ಅವರ ಮಾತು ಓದ್ತಿದೀವಿ, ಮೂಲೇಲಿ ಒಂದು ಕುರ್ಚಿ ಇದೆ, ಅದು ಕೆಂಪು, ಅದರ ಮಧ್ಯೆ ಹಳದಿ ಕಪ್ಪು ಪಟ್ಟೆ. ಅವನು ಅಲ್ಲಿದಾನೆ ಅಂತ ಯಾರೂ ನಮಗೆ ಹೇಳಿಲ್ಲ. ನಮ್ಮ ಕಣ್ಣೇ ಅಲ್ಲಿಗೆ ಹೋಗಿ ಕಂಡುಹಿಡೀಬೇಕು, ಕಂಡುಹಿಡಿದ ತಕ್ಷಣ ಆ ರೂಮಲ್ಲಿರೋ ಯಾರಿಗೂ ಗೊತ್ತಿಲ್ಲದ ಗುಟ್ಟು ನಮಗೆ ಗೊತ್ತು. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಖುಷಿ ಕೊಡೋದು ಇನ್ನೇನಿದೆ ಹೇಳಿ. ನನಗೇ ಪ್ರತಿ ಸಲ ಪುಟ ತಿರುಗಿಸಿದ ಕೂಡಲೇ ಮೊದಲು ಕೆಂಪು ಎಲ್ಲಿದೆ ಅಂತ ಹುಡುಕೋ ಅಭ್ಯಾಸ ಆಗಿಹೋಗಿತ್ತು. ಸೂಪರ್‌ಹೀರೋ ಶಕ್ತಿನೇ ಜೋಕ್, ಜೋಕೇ ಶಕ್ತಿ, ಎರಡನ್ನ ಬಿಡಿಸೋಕೆ ಆಗಲ್ಲ.

ಇದೇ ಕೋಲ್ ಎರಡನೇ ಸಂಚಿಕೆಯಿಂದ ರಾಲ್ಫ್ ಜಾನ್ಸ್ ಅನ್ನೋ ಬೇರೆ ಹೆಸರಲ್ಲಿ ಬರ್ಪ್ ದ ಟ್ವರ್ಪ್ ಅಂತ ಒಂದು ಪುಟದ ತಮಾಷೆನೂ ಬರೀತಾನೆ. ಅದು ಸೂಪರ್‌ಹೀರೋಗಳನ್ನೇ ಗೇಲಿ ಮಾಡೋದು. ಅದೇ ಪುಸ್ತಕದಲ್ಲಿ ಮುಂದಿನ ಪುಟ ತಿರುಗಿಸಿದ್ರೆ ಮುಖವಾಡದ ಹೀರೋ ಗಂಭೀರವಾಗಿ ಗುದ್ದಾಡ್ತಿರ್ತಾನೆ. ಬರ್ಪ್ ಓದಿ ನಕ್ಕು ಆಮೇಲೆ ಆ ಗುದ್ದಾಟ ನೋಡಿದ್ರೆ ಮೊದಲಿನ ಹಾಗೆ ನೋಡೋಕೆ ಆಗಲ್ಲ, ಇಡೀ ಸಂಚಿಕೆ ಓದಿ ಅಂತ ನಾನು ಬಡ್ಕೊಳ್ತಿರೋದು ಇದಕ್ಕೇ.

ಡಿಸೆಂಬರ್ 1941 ತಾರೀಖಿನ ಐದನೇ ಸಂಚಿಕೆಯಲ್ಲಿ ಕವರ್ ಪ್ಲಾಸ್ಟಿಕ್ ಮ್ಯಾನ್ ಕೈಗೆ ಬರುತ್ತೆ. ಕವರ್ ತಾರೀಖು ಯಾವಾಗಲೂ ಒಂದೆರಡು ತಿಂಗಳು ಮುಂದಿನದ್ದು ಹಾಕ್ತಿದ್ರು, ಹಾಗಾಗಿ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಡಿಸೆಂಬರ್ 7ಕ್ಕೆ ಮುಂಚೆನೇ ಇದು ಅಂಗಡಿಗೆ ಬಂದಿತ್ತು. ಇನ್ನೊಂದು ವಿಷಯ ನೋಡಿ, ಅದೇ ಡಿಸೆಂಬರ್ 1941 ತಾರೀಖಿನ ಪೆಪ್ ಕಾಮಿಕ್ಸ್ 22ನೇ ಸಂಚಿಕೆಯಲ್ಲಿ ಬಾಬ್ ಮೊಂಟಾನಾ ಚಿತ್ರ ಬರೆದ ಆರ್ಚಿ ಮೊದಲ ಸಲ ಬರ್ತಾನೆ, ಶೀಲ್ಡ್ ಅನ್ನೋ ದೇಶಭಕ್ತ ಹೀರೋನ ಪುಸ್ತಕದ ಒಳಗೆ ಒಂದು ಚಿಕ್ಕ ಕಥೆಯಾಗಿ, ಆಮೇಲೆ ಅದೇ ಹುಡುಗ ಯುದ್ಧ ಮುಗಿಯೋ ಹೊತ್ತಿಗೆ ಶೀಲ್ಡ್‌ನ ಕವರಿಂದಲೇ ಪಕ್ಕಕ್ಕೆ ಸರಿಸಿಬಿಟ್ಟ. ಅದಕ್ಕೂ ಒಂದು ವರ್ಷ ಮುಂಚೆ ಆಲ್ ಅಮೆರಿಕನ್ ಕಾಮಿಕ್ಸಲ್ಲಿ ಶೆಲ್ಡನ್ ಮೇಯರ್ ಬರೆದ ಮಾ ಹಂಕೆಲ್ ಅನ್ನೋ ದಪ್ಪ ಗೃಹಿಣಿ ತಲೆ ಮೇಲೆ ಪಾತ್ರೆ ಬೋರಲು ಹಾಕ್ಕೊಂಡು ರೆಡ್ ಟೊರ್ನೇಡೊ ಆಗಿ ಬೀದಿಗಿಳಿದಿದ್ಲು. ಕ್ಯಾಪ್ಟನ್ ಅಮೆರಿಕ ಹಿಟ್ಲರ್ ಮುಖಕ್ಕೆ ಗುದ್ದಿದ ಕವರನ್ನ ಇವತ್ತಿಗೂ ಎಲ್ರೂ ಹಂಚ್ಕೋತಾರೆ, ಸಂತೋಷ, ಆದ್ರೆ ಇವರನ್ನೆಲ್ಲಾ ಅಷ್ಟೇ ಜನ ನೆನೆಸ್ಕೋಬೇಕಿತ್ತು ಅಂತ ನನಗೆ ಹೊಟ್ಟೆ ಉರಿಯುತ್ತೆ.

ನವೆಂಬರ್ 1942ರ 13ನೇ ಸಂಚಿಕೆ. ಒಂದೇ ಒಂದು ಸಂಚಿಕೆ ಓದೋಕೆ ಟೈಮ್ ಇದೆ ಅಂದ್ರೆ ಇದನ್ನ ಓದಿ. ಮೊದಲ ಕವರಿನ ಆ ಸುಂದರ ಫೈರ್‌ಬ್ರ್ಯಾಂಡ್‌ಗೆ ಇದು ಕೊನೇ ಸಂಚಿಕೆ. ಅದೇ ಸಂಚಿಕೆಯಲ್ಲಿ ಹಸಿರು ಅಂಗಿ ಮೇಲೆ ಕಪ್ಪು ಚುಕ್ಕೆ, ತಲೆಗೊಂದು ಹುಲ್ಲಿನ ಟೋಪಿ, ದೊಡ್ಡ ಹೊಟ್ಟೆಯ ಊಜಿ ವಿಂಕ್ಸ್ ಬರ್ತಾನೆ. ಮುಳುಗ್ತಿದ್ದ ಒಬ್ಬ ಕಣಿ ಹೇಳೋನನ್ನ ಕಾಪಾಡ್ತಾನೆ, ಅದಕ್ಕೆ ಪ್ರತಿಯಾಗಿ ಪ್ರಕೃತಿನೇ ನಿನ್ನನ್ನ ಕಾಯುತ್ತೆ ಅಂತ ಅವನಿಂದ ವರ ಸಿಗುತ್ತೆ. ಈಗ ಈ ವರ ಇಟ್ಕೊಂಡು ಒಳ್ಳೇದು ಮಾಡೋದಾ ಕೆಟ್ಟದ್ದು ಮಾಡೋದಾ ಅಂತ ಊಜಿ ನಾಣ್ಯ ಚಿಮ್ಮಿ ತೀರ್ಮಾನ ಮಾಡ್ತಾನೆ, ಕಳ್ಳತನ ಅಂತ ಬರುತ್ತೆ, ಸರಿ ಅಂತ ಕಳ್ಳ ಆಗ್ತಾನೆ, ಅಷ್ಟೇ, ಅವನಿಗೆ ದ್ವೇಷ ಇಲ್ಲ ಸಿಟ್ಟಿಲ್ಲ ಏನೂ ಇಲ್ಲ. ಹಿಡಿಯೋಕೆ ಬಂದವರ ಮೇಲೆ ಪ್ರಕೃತಿನೇ ತಿರುಗಿ ಬೀಳುತ್ತೆ, ಪ್ಲಾಸ್ಟಿಕ್ ಮ್ಯಾನ್‌ಗೂ ಅವನ ಮೈ ಮುಟ್ಟೋಕೆ ಆಗಲ್ಲ. ನಾನು ನಕ್ಕಿದ್ದೆಷ್ಟೋ ಲೆಕ್ಕ ಇಲ್ಲ, ಆದ್ರೆ ನಕ್ಕಾದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತೆ, ಯಾಕಂದ್ರೆ ಮೊದಲ ಸಂಚಿಕೆಯಲ್ಲಿ ಒಬ್ಬ ಸನ್ಯಾಸಿಯ ನಂಬಿಕೆ ಈಲ್‌ನ ಬದಲಾಯಿಸ್ತು, ಇಲ್ಲಿ ಒಂದು ನಾಣ್ಯ ಊಜಿನ ಕಳ್ಳ ಮಾಡ್ತು, ಇಬ್ರೂ ಕೊನೆಗೆ ಜೊತೆಯಾಗಿ ಕೆಲಸ ಮಾಡೋ ಗೆಳೆಯರಾಗ್ತಾರೆ. ಮುಂದೆ ಬರ್ತಾ ಬರ್ತಾ ಕೋಲ್ ಆ ಪ್ರಕೃತಿ ವರವನ್ನ ಬಿಟ್ಟೇಬಿಡ್ತಾನೆ, ಅದರ ಮಾತೇ ಬರಲ್ಲ. ಊಜಿ ಬರೀ ಸೋಮಾರಿ, ತಿಂಡಿಪೋತ, ಕೈ ಸುಮ್ಮನಿರದ ಮನುಷ್ಯನಾಗಿ ಉಳೀತಾನೆ, ಕಥೆಗೆ ಅಷ್ಟು ಸಾಕಾಗುತ್ತೆ.

ಈಗ ಪಕ್ಕದ ಕಥೆಗಳಿಗೆ ಬರ್ತೀನಿ, ಪ್ಲಾಸ್ಟಿಕ್ ಮ್ಯಾನ್ ಸಂಕಲನಗಳಲ್ಲಿ ನಿಮಗೆ ಸಿಗದೇ ಇರೋದು ಇವೇ. ಪಾಲ್ ಗುಸ್ಟಾವ್ಸನ್ ಬರೆದ ಹ್ಯೂಮನ್ ಬಾಂಬ್ ತಗೊಳ್ಳಿ. ರಾಯ್ ಲಿಂಕನ್ ಒಬ್ಬ ವಿಜ್ಞಾನಿ, ಅಪ್ಪ ಕಂಡುಹಿಡಿದ ಸ್ಫೋಟಕ ಶತ್ರು ಗೂಢಚಾರರ ಕೈಗೆ ಸಿಗಬಾರದು ಅಂತ ತಾನೇ ನುಂಗಿಬಿಡ್ತಾನೆ, ಆಮೇಲೆ ಅವನ ಕೈ ತಗಲಿದ್ದೆಲ್ಲಾ ಸಿಡಿಯುತ್ತೆ. ಹಾಗಾಗಿ ಮೈ ಪೂರ್ತಿ ಮುಚ್ಚೋ ಒಂದು ಸೂಟ್ ಹಾಕ್ಕೊಂಡೇ ಬದುಕಬೇಕು, ಹೊಡೆದಾಟಕ್ಕೆ ಮಾತ್ರ ಗ್ಲೌಸ್ ತೆಗೀತಾನೆ. ಶುರುವಿನ ಕಥೆಗಳಲ್ಲಿ ಇದು ದುಃಖದ ಪಾತ್ರ, ಬರಿಗೈಲಿ ಯಾರನ್ನೂ ಮುಟ್ಟೋಕಾಗದ ಮನುಷ್ಯ. ಆಮೇಲೆ ಏನಾಗುತ್ತೆ ಗೊತ್ತಾ, ಹಸ್ಟೇಸ್ ಥ್ರಾಕ್‌ಮಾರ್ಟನ್ ಅಂತ ಒಬ್ಬನಿಗೆ ರಾಯ್‌ನ ರಕ್ತ ಕೊಡ್ತಾರೆ, ಅವನಿಗೂ ಅದೇ ಶಕ್ತಿ ಬರುತ್ತೆ, ಆದ್ರೆ ಕೈಗಲ್ಲ, ಕಾಲಿಗೆ. ಒದ್ದಿದ್ದೆಲ್ಲಾ ಢಂ ಅನ್ನುತ್ತೆ. ಅಲ್ಲಿಂದ ಆ ದುಃಖದ ಕಥೆ ತಮಾಷೆ ಕಡೆ ವಾಲುತ್ತೆ. ಪ್ಲಾಸ್ಟಿಕ್ ಮ್ಯಾನ್ ಕವರಿಗೆ ಹೋದ, ಅವನ ನಗು ಪಕ್ಕದ ಮನೆಗೂ ಹರೀತು ಅಂತ ನಾನು ಓದ್ಕೊಂಡೆ. ಒಂದೇ ಪುಸ್ತಕದೊಳಗೆ ಒಂದು ಕಥೆ ಗೆದ್ದಿದ್ದನ್ನ ನೋಡಿ ಇನ್ನೊಂದು ಕಥೆ ಬದಲಾಗೋದು, ಇದು ಹೀಗೆ ಹಲವು ಕಥೆ ಸೇರಿದ ಪುಸ್ತಕನ ತಿಂಗಳು ತಿಂಗಳು ವರಸೆಯಾಗಿ ಓದಿದವರಿಗೆ ಮಾತ್ರ ಕಾಣುತ್ತೆ.

ಜಾರ್ಜ್ ಬ್ರೆನರ್ ಬರೆದ 711 ಅನ್ನೋ ಕಥೆ ಬಗ್ಗೆ ಕೂಡ ಹೇಳಲೇಬೇಕು. ಡ್ಯಾನಿಯಲ್ ಡೈಸ್ ತನ್ನ ಥರಾನೇ ಕಾಣೋ ಸ್ನೇಹಿತನಿಗೋಸ್ಕರ ಸ್ವಲ್ಪ ದಿನ ಅಂತ ಅವನ ಬದಲು ಜೈಲಿಗೆ ಹೋಗ್ತಾನೆ, ಹೊರಗಿದ್ದ ಸ್ನೇಹಿತ ಅಪಘಾತದಲ್ಲಿ ಸತ್ತು ಹೋಗ್ತಾನೆ, ಇವನು ಒಳಗೇ ಉಳೀತಾನೆ, ನಿಜ ಹೇಳೋಕೆ ಯಾರೂ ಇಲ್ಲ. ಸುರಂಗ ತೋಡಿ ರಾತ್ರಿ ಹೊರಗೆ ಬಂದು ಕಳ್ಳರನ್ನ ಹಿಡಿದು, ಮತ್ತೆ ಅದೇ ಸುರಂಗದಲ್ಲಿ ವಾಪಸ್ ಸೆಲ್‌ಗೆ ಹೋಗ್ತಾನೆ! ಹೀಗೆ ಪ್ರತಿ ತಿಂಗಳು ಜೈಲಿಗೆ ವಾಪಸ್ ಹೋಗೋ ಹೀರೋನ ನಾನು ಬೇರೆಲ್ಲೂ ಓದಿಲ್ಲ. 15ನೇ ಸಂಚಿಕೆಯಲ್ಲಿ ಅವನನ್ನ ಸಾಯಿಸಿಬಿಡ್ತಾರೆ, ನನಗೆ ಬೇಜಾರಾಯ್ತು, ಚಿತ್ರ ಒರಟಾಗಿದ್ರೂ ಆ ಐಡಿಯಾಗೆ ಇನ್ನೂ ನಾಲ್ಕು ವರ್ಷದ ಉಸಿರಿತ್ತು. ಫ್ಯಾಂಟಮ್ ಲೇಡಿ ಪರವಾಗಿಲ್ಲ, ಸೆನೆಟರ್ ಮಗಳು, ಕತ್ತಲೆ ಹಬ್ಬಿಸೋ ಒಂದು ಲೈಟು, ಸಂಚಿಕೆಯಿಂದ ಸಂಚಿಕೆಗೆ ಅದೇ ಅದೇ. ಚಿಕ್ ಕಾರ್ಟರ್, ಮೌತ್‌ಪೀಸ್ ಇವೆಲ್ಲಾ ಹಾಗೇ ಬಂದು ಹಾಗೇ ಹೋಗುತ್ತೆ.

11ನೇ ಸಂಚಿಕೆಯಿಂದ ವಿಲ್ ಐಸ್ನರ್‌ನ ದ ಸ್ಪಿರಿಟ್ ಅನ್ನೋ ಮುಖವಾಡದ ಪತ್ತೇದಾರನ ಕಥೆ ಸೇರ್ಕೊಳ್ಳುತ್ತೆ. ಇದು ಹೊಸದಾಗಿ ಬರೆದಿದ್ದಲ್ಲ, 1940ರ ಜೂನ್‌ನಿಂದ ಭಾನುವಾರದ ಪೇಪರ್ ಜೊತೆ ಬರ್ತಿದ್ದ ಕಥೆಗಳ ಮರುಮುದ್ರಣ. 1942ರಲ್ಲಿ ಐಸ್ನರ್ ಸೈನ್ಯ ಸೇರಿದ, ಪೇಪರಿನ ಕಥೆಗಳನ್ನ ಬೇರೆಯವರು ಮುಂದುವರೆಸಿದ್ರು, ಅದರಲ್ಲಿ ಕೋಲ್‌ದೂ ಕೈ ಇದೆ. ಅಂದ್ರೆ ಆ ವರ್ಷಗಳಲ್ಲಿ ಐಸ್ನರ್ ಸ್ವಂತ ಕೈಯ ಸ್ಪಿರಿಟ್ ಬೇಕಂದ್ರೆ ಪೇಪರ್ ಬಿಟ್ಟು ಈ ಹತ್ತು ಸೆಂಟಿನ ಪುಸ್ತಕಕ್ಕೇ ಬರ್ಬೇಕಿತ್ತು. ಅವನು ಸೈನ್ಯದಲ್ಲೂ ಸುಮ್ಮನಿರ್ಲಿಲ್ಲ, ಜೋ ಡೋಪ್ ಅನ್ನೋ ಪೆದ್ದ ಸಿಪಾಯಿಯ ಕಾರ್ಟೂನ್ ಮಾಡಿ ಗಾಡಿ ಹೇಗೆ ನೋಡ್ಕೋಬೇಕು ಅಂತ ಸೈನಿಕರಿಗೆ ನಗಿಸ್ತಾ ಕಲಿಸಿದ.

ಆದ್ರೆ ಸ್ಪಿರಿಟ್ ಬಂದ ಜೊತೆಗೇ ಈ ಪುಸ್ತಕದ ದೊಡ್ಡ ತಪ್ಪೂ ಬರುತ್ತೆ, ಸ್ಪಿರಿಟ್‌ನ ಸಹಾಯಕ ಎಬೊನಿ ವೈಟ್. ಕಪ್ಪು ಹುಡುಗನನ್ನ ದಪ್ಪ ತುಟಿ, ಗುಂಡು ಕಣ್ಣು, ಮುರುಕು ಇಂಗ್ಲಿಷ್ ಹಾಕಿ ಬರೆದಿರೋದು. ಐಸ್ನರ್ ಅವನಿಗೆ ಧೈರ್ಯನೂ ಕೊಟ್ಟಿದಾನೆ ಬುದ್ಧಿನೂ ಕೊಟ್ಟಿದಾನೆ, ಕಥೆ ಓದಿದ್ರೆ ಗೊತ್ತಾಗುತ್ತೆ, ಆದ್ರೂ ಆ ಮುಖ ನೋಡೋಕೆ ಆಗಲ್ಲ. ಯುದ್ಧ ಶುರುವಾದ ಮೇಲೆ ಜಪಾನಿನವರನ್ನ ಬರೆದ ರೀತಿ ಅಂತೂ, ಇದೊಂದು ಪುಸ್ತಕ ಅಂತಲ್ಲ, ಆಗಿನ ಅಷ್ಟೂ ಕಾಮಿಕ್ಸಲ್ಲಿ ಹಲ್ಲು, ಕನ್ನಡಕ, ಹಳದಿ ಬಣ್ಣ. ಇದನ್ನೆಲ್ಲಾ ಆ ಕಾಲ ಹಾಗಿತ್ತು ಬಿಡಿ ಅನ್ನೋಕೆ ನನಗೆ ಮನಸ್ಸಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿಯಲ್ಲಿ ಆದೇಶಕ್ಕೆ ಸಹಿ ಹಾಕಿ ಜಪಾನಿ ಮೂಲದ ಸುಮಾರು 1,20,000 ಜನರನ್ನ ಮನೆ ಬಿಡಿಸಿ ಕ್ಯಾಂಪಿಗೆ ಕಳಿಸಿದ್ರು, ಅದರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಅದೇ ವರ್ಷ ಅಂಗಡಿಯಲ್ಲಿ ತೂಗಾಡ್ತಿದ್ದ ಚಿತ್ರಗಳು ಇವು. ಕೆಂಪು ಕುರ್ಚಿ ಇವತ್ತಿಗೂ ನಗಿಸುತ್ತೆ, ಇವು ಆಗಲೂ ಯಾರನ್ನೋ ನೋಯಿಸ್ತಿದ್ವು. ಮಕ್ಕಳಿಗೆ ಓದೋಕೆ ಕೊಡೋದಾದ್ರೆ ಪಕ್ಕದಲ್ಲಿ ಕೂತು ಕೊಡಿ.

ಪುಸ್ತಕದ ಮೈ ಬಗ್ಗೆ ಈಗ. ಯುದ್ಧ ನಡೀತಾ ನಡೀತಾ ಕಾಗದಕ್ಕೆ ರೇಷನ್ ಬಂತು, ಸರ್ಕಾರದ ವಾರ್ ಪ್ರೊಡಕ್ಷನ್ ಬೋರ್ಡ್ ಪ್ರಕಾಶಕರಿಗೆ ಇಷ್ಟೇ ಅಂತ ಮಿತಿ ಹಾಕ್ತು, ಆಗಿನ ಕಾಮಿಕ್ಸ್‌ಗಳ 64 ಪುಟ ಕರಗ್ತಾ ಬಂದು ಯುದ್ಧ ಮುಗಿಯೋ ಹೊತ್ತಿಗೆ 50ರ ಒಳಗಾಯ್ತು, ಬೆಲೆ ಮಾತ್ರ ಅದೇ ಹತ್ತು ಸೆಂಟು. ಅದೂ ಸಾಲದು ಅಂತ ಶಾಲೆ ಮಕ್ಕಳು ಮನೆಮನೆಗೆ ಹೋಗಿ ಹಳೇ ಕಾಗದ ಒಟ್ಟು ಮಾಡಿ ಯುದ್ಧಕ್ಕೆ ಕೊಡ್ತಿದ್ರು, ಆ ರಾಶಿಯಲ್ಲಿ ಎಷ್ಟೋ ಕಾಮಿಕ್ಸ್ ಹೋಯ್ತು. ಉಳಿದಿದ್ದೇ ಕಡಿಮೆ, ಹಾಗಾಗಿ ಅಸಲಿ ಪ್ರತಿಗಳು ತುಂಬಾ ದುಬಾರಿ, ನಮ್ಮಂಥವರು ಅದರ ಆಸೆ ಇಟ್ಕೊಳ್ಳೋದು ಬೇಡ.

ನಾನು ಓದಿದ್ದು ಜಾಸ್ತಿ ಸ್ಕ್ಯಾನ್‌ನಲ್ಲಿ. ಅಮೆರಿಕದ ಹಳೇ ಕಾನೂನಿನಲ್ಲಿ ಕಾಪಿರೈಟ್ 28 ವರ್ಷ, ಆಮೇಲೆ ರಿನ್ಯೂ ಮಾಡಿಸ್ಬೇಕು, ಕ್ವಾಲಿಟಿಯವರ ಎಷ್ಟೋ ಸಂಚಿಕೆಗಳಿಗೆ ಯಾರೂ ಮಾಡಿಸ್ಲಿಲ್ಲ, ಅದಕ್ಕೇ ಸ್ಕ್ಯಾನ್‌ಗಳು ಓಡಾಡ್ತಿವೆ. ಒಂದು ಸಂಚಿಕೆಯಲ್ಲಿ ಹಿಂದಿನ ಪುಟದ ಜಾಹೀರಾತಿನ ಕೂಪನ್ ಯಾರೋ ಕತ್ತರಿಯಿಂದ ಕತ್ತರಿಸಿದಾರೆ, ನೀಟಾಗಿ, ಅಂಚಿನ ಚುಕ್ಕೆ ಗೆರೆ ಮೇಲೇ. ಆ ಚೌಕದ ತೂತಿಂದಾಗಿ ಈ ಕಡೆ ಪುಟದಲ್ಲಿ ಒಂದು ಪ್ಯಾನೆಲ್ (ಚಿತ್ರದ ಚೌಕ) ಅರ್ಧ ಇಲ್ಲ, ಮಾತಿನ ಗುಳ್ಳೆ ಇದೆ, ಮಾತಾಡಿದವನ ತಲೆ ಇಲ್ಲ. ಎಪ್ಪತ್ತೆಂಬತ್ತು ವರ್ಷದ ಹಿಂದೆ ಆ ಕೂಪನ್ ಕಳಿಸಿದ ಮಗು ಏನನ್ನ ತರಿಸ್ಕೊಂಡಿತೋ ಅಂತ ಯೋಚಿಸ್ತಾ ನಾನು ತುಂಬಾ ಹೊತ್ತು ಆ ಪುಟ ಬಿಟ್ಟು ಮುಂದೆ ಹೋಗ್ಲಿಲ್ಲ.

ಪ್ರಿಂಟ್ ಪುಸ್ತಕ ಬೇಕು ಅನ್ನೋರಿಗೆ ಒಂದು ಎಚ್ಚರಿಕೆ. ಆರ್ಡರ್ ಮಾಡಿದ ಮೇಲೆ ಪ್ರಿಂಟ್ ಮಾಡಿ ಕಳಿಸೋ ಒಂದು ಸಂಸ್ಥೆಯಿಂದ ನಾನೊಂದು ಸಂಚಿಕೆ ತರಿಸಿದ್ದೆ, ಕವರ್ ಚೆನ್ನಾಗಿತ್ತು, ತೆಗೆದು ನೋಡಿದ್ರೆ ಒಳಗೆಲ್ಲಾ ಕಪ್ಪು ಬಿಳುಪು, ಅದೂ ಮಸುಕು ಮಸುಕು. ಈಗ ನೀವೇ ಹೇಳಿ, ಕೆಂಪು ಬಣ್ಣ ಇಲ್ಲದೆ ಮೂಲೇಲಿರೋ ಕುರ್ಚಿ ಪ್ಲಾಸ್ಟಿಕ್ ಮ್ಯಾನ್ ಅಂತ ಗೊತ್ತಾಗೋದು ಹೇಗೆ? ಜೋಕೇ ಸತ್ತುಹೋಯ್ತು. ತಗೊಳ್ಳೋಕೆ ಮುಂಚೆ ಒಳಗಿನ ಪುಟದ ಫೋಟೋ ಕೇಳಿ, ಬಣ್ಣ ಇಲ್ಲ ಅಂದ್ರೆ ಬಿಟ್ಟುಬಿಡಿ. ಡಿಸಿ ಅನ್ನೋ ಕಾಮಿಕ್ಸ್ ಕಂಪನಿಯವರು ತಂದ ಆರ್ಕೈವ್ಸ್ ಹಾರ್ಡ್‌ಕವರ್‌ಗಳು ಎಲ್ಲಾದ್ರೂ ಸೆಕೆಂಡ್ ಹ್ಯಾಂಡ್ ಸಿಕ್ರೆ ಬೈಂಡಿಂಗ್ ಗಟ್ಟಿ, ಕಾಗದ ಬಿಳಿ, ಗೆರೆ ಎಲ್ಲಾ ಸ್ಪಷ್ಟ, ಆದ್ರೆ ಬಣ್ಣ ಮಾತ್ರ ಕಣ್ಣಿಗೆ ಹೊಡಿಯೋಷ್ಟು ಹೊಳಪು, ಜೊತೆಗೆ ಅದರಲ್ಲಿರೋದು ಪ್ಲಾಸ್ಟಿಕ್ ಮ್ಯಾನ್ ಒಬ್ಬನೇ. ಬರ್ಪ್ ಇಲ್ಲ, ಹಸ್ಟೇಸ್ ಇಲ್ಲ, 711 ಇಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ, ಕಮ್ಮಿ ಆದ ಒಂದು ಆ ಮುಖಗಳಿಗೆ. 1ನೇ ಸಂಚಿಕೆ, 5, 11, 13, ಆಮೇಲೆ 15, ಈ ಐದನ್ನ ಮೊದಲು ಓದಿ, ಹಿಡಿಸಿದ್ರೆ ಮಧ್ಯದ್ದಕ್ಕೆ ವಾಪಸ್ ಬನ್ನಿ. ಸ್ಕ್ಯಾನ್ ಓದೋರು ಫೋನ್ ಬಿಟ್ಟು ಸ್ವಲ್ಪ ದೊಡ್ಡ ಸ್ಕ್ರೀನಲ್ಲಿ ಇಡೀ ಪುಟ ಒಂದೇ ಸಲ ಕಾಣೋ ಹಾಗೆ ಇಟ್ಕೊಳ್ಳಿ, ಪ್ಯಾನೆಲ್ ಪ್ಯಾನೆಲ್ ಜೂಮ್ ಮಾಡಿದ್ರೆ ಮೂಲೇಲಿರೋ ಕೆಂಪು ತಪ್ಪಿ ಹೋಗುತ್ತೆ.